ಶತಮಾನೋತ್ಸವಗಳ ಸರದಿಯಲ್ಲಿ ಮುಂಬಯಿ ಕನ್ನಡಿಗರು: ಸಂಭ್ರಮ ಮುಗಿದ ಮೇಲೆ ಉಳಿಯುವುದೇನು?

ಮುಂಬಯಿ ಮಹಾನಗರದ ತುಳು-ಕನ್ನಡಿಗರ ಸಂಘ-ಸಂಸ್ಥೆಗಳಿಗೆ ಇದು ಶತಮಾನೋತ್ಸವಗಳ ಕಾಲ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ಈ ಗಡಿಯನ್ನು ದಾಟಿ ಎರಡು ದಶಕಗಳೇ ಕಳೆದಿವೆ. 1925ರಲ್ಲಿ ಸ್ಥಾಪನೆಗೊಂಡ ಬಿ.ಎಸ್.ಕೆ.ಬಿ. ಅಸೋಸಿಯೇಷನ್, 1926ರ ಮೈಸೂರು ಅಸೋಸಿಯೇಷನ್, 1927ರ ಬಂಟರ ಸಂಘ, ಈ ಮೂರಕ್ಕೂ ನೂರು ತುಂಬುವ ವರ್ಷಗಳು ಒಂದರ ಬೆನ್ನಿಗೊಂದರಂತೆ ಬರುತ್ತವೆ. 1932ರ ಬಿಲ್ಲವರ ಅಸೋಸಿಯೇಷನ್ ಹಾಗೂ 1933ರ ಕರ್ನಾಟಕ ಸಂಘದ ಸರದಿಯೂ ಬಹಳ ದೂರದಲ್ಲಿಲ್ಲ.

ಇದು ಸಣ್ಣ ಸಾಧನೆಯಲ್ಲ. ಈ ಸಂಸ್ಥೆಗಳು ಹುಟ್ಟಿದಾಗ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. ಹೊಟೇಲಿನಲ್ಲಿ ಲೋಟ ತೊಳೆಯುತ್ತಿದ್ದವರು, ಗಿರಣಿ-ಬಂದರುಗಳಲ್ಲಿ ದುಡಿದವರು, ಕಚೇರಿಗಳಲ್ಲಿ ಗುಮಾಸ್ತರಾಗಿದ್ದವರು ತಮ್ಮ ದುಡಿಮೆಯ ಪಾಲನ್ನು ತೆಗೆದಿಟ್ಟು ಇವನ್ನು ಕಟ್ಟಿದರು. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ಹುಡುಗರು ಅದೇ ಶಾಲೆಯ ವಾರ್ಷಿಕೋತ್ಸವದಲ್ಲಿ ಬಣ್ಣ ಹಚ್ಚಿ ನಾಟಕವಾಡಿದರು. 1935ರಲ್ಲಿ ಒಮ್ಮೆ, 1951ರಲ್ಲಿ ಮಂಜೇಶ್ವರ ಗೋವಿಂದ ಪೈಗಳ ಅಧ್ಯಕ್ಷತೆಯಲ್ಲಿ ಮತ್ತೊಮ್ಮೆ, ಅಖಿಲ ಭಾರತ ಮಟ್ಟದ ಕನ್ನಡ ಸಾಹಿತ್ಯ ಸಮ್ಮೇಳನ ಈ ನಗರದಲ್ಲಿ ನಡೆಯಿತು. ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳರಂಥವರು ಇಲ್ಲಿನ ಲೋಕಲ್ ಗಾಡಿಗಳಲ್ಲಿ ಓಡಾಡುತ್ತ, ಇಲ್ಲಿನ ನೌಕರಿ ಮಾಡುತ್ತ ಕನ್ನಡದ ದೊಡ್ಡ ಕಾದಂಬರಿಗಳನ್ನು ಬರೆದರು. ಆದ್ದರಿಂದ ನೂರರ ಸಂಭ್ರಮವನ್ನು ಆಚರಿಸುವ ಹಕ್ಕು ನಮಗೆ ನಿಶ್ಚಯವಾಗಿಯೂ ಇದೆ.

ಆದರೆ ಆಚರಣೆಯ ಸಿದ್ಧತೆಯ ಜೊತೆಯಲ್ಲಿಯೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಶತಮಾನೋತ್ಸವದ ಹೆಸರಿನಲ್ಲಿ ಕೂಡಿಬರುವ ಹಣ ಒಂದು ದಿನದ ವೇದಿಕೆಯಲ್ಲಿ ಕರಗಿಹೋಗಬೇಕೇ, ಅಥವಾ ಮುಂದಿನ ಮೂವತ್ತು ವರ್ಷಗಳ ಕಾರ್ಯಕ್ರಮಗಳಿಗೆ ಆಧಾರವಾಗಿ ಉಳಿಯಬೇಕೇ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ನಮ್ಮ ಕಾರ್ಯಕ್ರಮಗಳು ಯಾರ ಹಣದಿಂದ ನಡೆಯುತ್ತಿವೆ, ಯಾರು ಅವನ್ನು ನೋಡುತ್ತಿದ್ದಾರೆ, ಯಾರು ನೋಡುತ್ತಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕಾಗುತ್ತದೆ.

ವರ್ಷವಿಡೀ ತುಂಬಿರುವ ಪಂಚಾಂಗ

ಕಾರ್ಯಕ್ರಮಗಳ ಸಂಖ್ಯೆಯ ಬಗ್ಗೆ ಯಾರೂ ಚಿಂತಿಸಬೇಕಾಗಿಲ್ಲ. ಜೂನ್ ತಿಂಗಳಲ್ಲಿ ಪುಸ್ತಕ ವಿತರಣೆ ಹಾಗೂ ವಿದ್ಯಾರ್ಥಿವೇತನದ ಸಭೆಗಳಿಂದ ನಮ್ಮ ವರ್ಷ ಪ್ರಾರಂಭವಾಗುತ್ತದೆ. ಅಷ್ಟರಲ್ಲಿ ಊರಿನಲ್ಲಿ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ. ಮಳೆಗಾಲದ ಆ ಬಿಡುವಿನಲ್ಲಿ ಕರಾವಳಿಯ ಕಲಾವಿದರು ಮುಂಬಯಿಗೆ ಬರುತ್ತಾರೆ. ಯಕ್ಷಗಾನ, ತಾಳಮದ್ದಳೆಗಳು ಉಪನಗರದಿಂದ ಉಪನಗರಕ್ಕೆ ಸಂಚರಿಸುತ್ತವೆ. ಅದೇ ಹೊತ್ತಿಗೆ ಮಹಿಳಾ ವಿಭಾಗಗಳು ಪತ್ರೊಡೆಯ ಪರಿಮಳದೊಡನೆ ಆಟಿ ತಿಂಗಳ ನೆನಪನ್ನು ಬಡಿಸುತ್ತವೆ. ಭಾದ್ರಪದದಲ್ಲಿ ಗಣೇಶೋತ್ಸವ, ಆಶ್ವಯುಜದಲ್ಲಿ ನವರಾತ್ರಿ, ನವೆಂಬರಿನಲ್ಲಿ ರಾಜ್ಯೋತ್ಸವ. ಆ ತಿಂಗಳಲ್ಲಿ ಸಭಾಗೃಹ ಸಿಗದವರ ರಾಜ್ಯೋತ್ಸವ ಡಿಸೆಂಬರಿಗೂ ಹರಿಯುವುದುಂಟು. ಜನವರಿ ಬಂದಿತೆಂದರೆ ವಾರ್ಷಿಕೋತ್ಸವ, ಕ್ರೀಡಾಕೂಟ, ಮತ್ತು ಮರಾಠಿ ನೆರೆಹೊರೆಯಿಂದ ನಾವು ಪ್ರೀತಿಯಿಂದ ನಮ್ಮದಾಗಿಸಿಕೊಂಡ ಅರಸಿನ-ಕುಂಕುಮ. ಇವುಗಳ ನಡುವೆ ಶನಿಪೂಜೆ, ಗ್ರಂಥ ಪಾರಾಯಣ, ಭಜನೆ, ಪುಸ್ತಕ ಬಿಡುಗಡೆ, ದತ್ತಿ ಉಪನ್ಯಾಸ, ತುಳು ನಾಟಕ ನಿರಂತರವಾಗಿ ನಡೆಯುತ್ತಲೇ ಇರುತ್ತವೆ.

ಈ ಪಂಚಾಂಗವನ್ನು ಹತ್ತಿರದಿಂದ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಮುಂಬಯಿ ಕನ್ನಡಿಗರ ಸಂಸ್ಕೃತಿ ಎಂಬುದು ಊರಿನ ಪಡಿಯಚ್ಚು ಅಲ್ಲ. ಊರಿನಲ್ಲಿ ಬಯಲಿನಲ್ಲಿ ಬೆಳಗಿನವರೆಗೆ ನಡೆಯುವ ಆಟ ಇಲ್ಲಿ ಸಭಾಗೃಹದೊಳಗೆ ಮೂರು-ನಾಲ್ಕು ಗಂಟೆಗೆ ಅಡಕವಾಗಿದೆ. ಇದಕ್ಕೆ ಕೊನೆಯ ಲೋಕಲ್ ಗಾಡಿಯ ವೇಳೆಯಷ್ಟೇ ಕಾರಣವಲ್ಲ, ಕಾನೂನೂ ಕಾರಣ. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ಹಬ್ಬ-ಉತ್ಸವಗಳಿಗಾಗಿ ವರ್ಷದಲ್ಲಿ ಒಟ್ಟು 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ರಿಯಾಯಿತಿ ಕೊಡುವ ಅಧಿಕಾರ ರಾಜ್ಯ ಸರಕಾರಕ್ಕಿದೆ. ಮುಚ್ಚಿದ ಸಭಾಗೃಹಗಳಿಗೆ ಮಾತ್ರ ಈ ನಿರ್ಬಂಧದಿಂದ ವಿನಾಯಿತಿ. ಹೀಗಾಗಿ ಕಲೆಗೆ ಇಲ್ಲಿ ಸೂರು ಬೇಕು. ಸೂರಿಗೆ ಬಾಡಿಗೆ ಬೇಕು. ನಮ್ಮ ಹಿರಿಯರು ಮಾಟುಂಗಾ, ಸಯನ್, ಕುರ್ಲಾ, ಸಾಂತಾಕ್ರೂಜ್, ಅಂಧೇರಿಗಳಲ್ಲಿ ಸ್ವಂತ ಕಟ್ಟಡಗಳನ್ನು ಏಕೆ ಕಟ್ಟಿದರೆಂಬುದು ಇದರಿಂದ ಅರ್ಥವಾಗುತ್ತದೆ.

ಸಭಾಗೃಹ ಮಾಟುಂಗಾದಲ್ಲಿ, ಮನೆ ನಾಲಾಸೋಪಾರಾದಲ್ಲಿ

ಕಟ್ಟಡಗಳು ಇದ್ದಲ್ಲಿಯೇ ಇವೆ, ಜನ ಅಲ್ಲಿಲ್ಲ. ಕಳೆದ ನಾಲ್ಕು ದಶಕಗಳಲ್ಲಿ ಮಧ್ಯಮ ವರ್ಗದ ಕನ್ನಡ ಕುಟುಂಬಗಳು ಮನೆಯ ಬೆಲೆ ತಾಳಲಾರದೆ ಪಶ್ಚಿಮದಲ್ಲಿ ಮೀರಾರೋಡ್, ಭಾಯಂದರ್, ವಸಾಯಿ, ನಾಲಾಸೋಪಾರಾಗಳ ಕಡೆಗೂ, ಪೂರ್ವದಲ್ಲಿ ಠಾಣೆ, ಡೊಂಬಿವಲಿ, ಕಲ್ಯಾಣಗಳ ಕಡೆಗೂ, ಖಾಡಿಯಾಚೆಗೆ ನವಿಮುಂಬಯಿ, ಪನ್ವೇಲ್‌ಗಳ ಕಡೆಗೂ ಸರಿದವು. ಚರ್ಚ್‌ಗೇಟಿನಿಂದ ವಿರಾರಿಗೆ 60 ಕಿಲೋಮೀಟರು. ವಾರದ ಆರು ದಿನ ಈ ದಾರಿಯಲ್ಲಿ ನಿಂತುಕೊಂಡೇ ಓಡಾಡಿದವರನ್ನು ಏಳನೆಯ ದಿನವೂ ಗಾಡಿ ಹತ್ತಿ ಎಂದು ಕರೆಯುವುದು ಸುಲಭವಲ್ಲ. ಕಾರ್ಯಕ್ರಮಗಳೆಲ್ಲ ರವಿವಾರವೇ, ರೈಲ್ವೆಯ ಮೆಗಾಬ್ಲಾಕ್ ಕೂಡ ರವಿವಾರವೇ! ಎರಡು ಗಾಡಿ ಬದಲಿಸಿ, ಒಂದೂವರೆ ಗಂಟೆ ತಡವಾಗಿ ಬಂದು ಸೇರುವ ಹಿರಿಯರ ಅಭಿಮಾನವನ್ನು ಮೆಚ್ಚಬೇಕು. ಆದರೆ ಸಂಘಟಕರು ಆ ಅಭಿಮಾನದ ಮೇಲೆಯೇ ಲೆಕ್ಕ ಹಾಕುತ್ತ ಕುಳಿತುಕೊಳ್ಳುವಂತಿಲ್ಲ.

ದೂರದ ಉಪನಗರಗಳಲ್ಲಿ ಸ್ಥಳೀಯ ಕನ್ನಡ ಸಂಘಗಳು ಹುಟ್ಟಿಕೊಂಡಿರುವುದು ಈ ಕೊರತೆಗೆ ಜನ ತಾವಾಗಿಯೇ ಕಂಡುಕೊಂಡ ಉತ್ತರ. ಅಲ್ಲಿ ಜನರಿದ್ದಾರೆ, ಮಕ್ಕಳಿದ್ದಾರೆ, ಉತ್ಸಾಹವಿದೆ. ಸ್ವಂತ ಸೂರಿಲ್ಲ, ನಿಧಿಯಿಲ್ಲ. ನಗರದ ಹಳೆಯ ಸಂಸ್ಥೆಗಳಲ್ಲಿ ಸೂರಿದೆ, ನಿಧಿಯಿದೆ. ರವಿವಾರ ಸಂಜೆ ತುಂಬದ ಕುರ್ಚಿಗಳಿವೆ. ಎರಡನ್ನೂ ಜೋಡಿಸುವ ಯೋಚನೆ ಆಗಾಗ ಭಾಷಣಗಳಲ್ಲಿ ಕೇಳಿಬರುತ್ತದೆ, ಆಯವ್ಯಯ ಪತ್ರಿಕೆಯಲ್ಲಿ ಮಾತ್ರ ಅಪರೂಪ.

ಉಚಿತ ಪ್ರವೇಶದ ಬೆಲೆ

ನಮ್ಮ ಆಮಂತ್ರಣ ಪತ್ರಿಕೆಗಳ ಕೊನೆಯ ಸಾಲು ಎಲ್ಲರಿಗೂ ಪರಿಚಿತ: ಪ್ರವೇಶ ಉಚಿತ, ಸರ್ವರಿಗೂ ಆದರದ ಸ್ವಾಗತ. ಈ ಔದಾರ್ಯದ ಹಿಂದೆ ಒಂದು ಕಾಲದ ನ್ಯಾಯವಿತ್ತು. ಹೊಟೇಲಿನ ಕೆಲಸಗಾರನಿಂದ ಟಿಕೇಟಿನ ಹಣ ಕೇಳುವುದು ಸರಿಯಲ್ಲವೆಂದು ಹೊಟೇಲಿನ ಧಣಿಯೇ ಖರ್ಚು ವಹಿಸಿಕೊಂಡ. ಪ್ರತಿಫಲವಾಗಿ ಅವನಿಗೆ ವೇದಿಕೆಯ ಮೇಲೆ ಗೌರವದ ಆಸನ ಸಿಕ್ಕಿತು. ಕೊಡುಗೈ ದಾನಿಗಳಿಲ್ಲದಿದ್ದರೆ ಮುಂಬಯಿಯಲ್ಲಿ ಕನ್ನಡದ ರಂಗ ಇಷ್ಟು ದೂರ ಬರುತ್ತಿರಲಿಲ್ಲ ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು.

ಆದರೆ ಕಾಲ ಬದಲಾದರೂ ವ್ಯವಸ್ಥೆ ಬದಲಾಗಲಿಲ್ಲ. ಇಂದು ಸಭಾಂಗಣದಲ್ಲಿ ಕುಳಿತಿರುವವರು ಬಹುಪಾಲು ಸ್ವಂತ ಮನೆಯುಳ್ಳ, ಮಕ್ಕಳನ್ನು ಇಂಜಿನಿಯರರನ್ನಾಗಿ, ಲೆಕ್ಕಪರಿಶೋಧಕರನ್ನಾಗಿ ಮಾಡಿದ ಕುಟುಂಬದವರು. ಆದರೂ ಖರ್ಚು ದಾನಿಯದೇ. ಖರ್ಚು ಏರಿದಂತೆ ದಾನಿಗಳ ಸಂಖ್ಯೆ ಏರಬೇಕು. ದಾನಿಗಳು ಹೆಚ್ಚಿದಂತೆ ವೇದಿಕೆಯ ಕುರ್ಚಿಗಳು ಹೆಚ್ಚಬೇಕು. ಪ್ರತಿಯೊಬ್ಬರಿಗೂ ಶಾಲು, ಫಲಪುಷ್ಪ, ಸ್ಮರಣಿಕೆ, ನಾಲ್ಕು ಮಾತು. ಸಂಜೆ ಐದಕ್ಕೆ ಪ್ರಾರಂಭವಾದ ಸಭೆ ಏಳೂವರೆಗೆ ಮುಗಿಯುತ್ತದೆ; ಮಂಗಳೂರಿನಿಂದಲೋ ಕುಂದಾಪುರದಿಂದಲೋ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದ ಕಲಾವಿದರಿಗೆ ಪ್ರಸಂಗವನ್ನು ಇನ್ನಷ್ಟು ಕತ್ತರಿಸಬೇಕೆಂಬ ಸೂಚನೆ ಹೋಗುತ್ತದೆ. ಸಭಾ ಕಾರ್ಯಕ್ರಮ ಉದ್ದವಾಯಿತೆಂದು ನಾವು ಗೊಣಗುತ್ತೇವೆ. ಆದರೆ ಗೊಣಗುವ ಹಕ್ಕನ್ನು ಹಣ ಕೊಟ್ಟು ಪಡೆದಿಲ್ಲವಲ್ಲ! ಯಾರು ಖರ್ಚು ವಹಿಸುತ್ತಾರೋ ಕಾರ್ಯಕ್ರಮ ಅವರ ಅಳತೆಗೆ ರೂಪುಗೊಳ್ಳುತ್ತದೆ. ಇದರಲ್ಲಿ ದಾನಿಯ ದೋಷವಿಲ್ಲ, ಸಂಘಟಕರ ದೋಷವೂ ಇಲ್ಲ. ಇದು ವ್ಯವಸ್ಥೆಯ ಸ್ವಭಾವ.

ಇದಕ್ಕೆ ಹೋಲಿಸಿ ನೋಡಲು ನಾವು ಹೆಚ್ಚು ದೂರ ಹೋಗಬೇಕಾಗಿಲ್ಲ. ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸಭಾಗೃಹ ಇರುವುದು ಮಾಟುಂಗಾ ಪಶ್ಚಿಮದಲ್ಲಿ. ಅದೇ ಪರಿಸರದಲ್ಲಿ ಮರಾಠಿ ರಂಗಭೂಮಿಯ ಯಶವಂತ ನಾಟ್ಯ ಮಂದಿರವಿದೆ. ದಾದರಿನಲ್ಲಿ ಶಿವಾಜಿ ಮಂದಿರವಿದೆ. ಅಲ್ಲಿ ಮರಾಠಿ ಕುಟುಂಬಗಳು ಟಿಕೇಟು ಕೊಂಡು ನಾಟಕ ನೋಡುತ್ತವೆ. ನಾಟಕ ಚೆನ್ನಾಗಿದ್ದರೆ ನೂರಾರು ಪ್ರಯೋಗಗಳು ನಡೆಯುತ್ತವೆ, ಚೆನ್ನಾಗಿಲ್ಲದಿದ್ದರೆ ನಿಂತುಹೋಗುತ್ತದೆ. ಪ್ರೇಕ್ಷಕನೇ ಅಲ್ಲಿ ಯಜಮಾನ. ಇನ್ನೊಂದು ಮಾದರಿ ಸಯನ್‌ನ ಷಣ್ಮುಖಾನಂದ ಸಭೆಯದು. 1952ರಲ್ಲಿ ಪ್ರಾರಂಭವಾದ ಆ ಸಭೆ ಸದಸ್ಯರ ಚಂದಾದ ಬಲದಿಂದ ವರ್ಷವಿಡೀ ಸಂಗೀತ ಕಛೇರಿಗಳನ್ನು ನಡೆಸಿಕೊಂಡು ಬಂತು. 1990ರಲ್ಲಿ ಬೆಂಕಿಗೆ ಆಹುತಿಯಾದ ಸಭಾಗೃಹವನ್ನು ಮತ್ತೆ ಕಟ್ಟಿ 1998ರಲ್ಲಿ ತೆರೆಯಿತು. ಸದಸ್ಯನೊಬ್ಬ ವರ್ಷದ ಆದಿಯಲ್ಲಿಯೇ ಹಣ ಕೊಟ್ಟರೆ ವರ್ಷದ ಕಾರ್ಯಕ್ರಮಗಳ ಪಟ್ಟಿಯನ್ನು ಕಲೆಯ ದೃಷ್ಟಿಯಿಂದ ಸಿದ್ಧಪಡಿಸಬಹುದು. ದಾನಿಯ ಮನೆಯ ಬಾಗಿಲಲ್ಲಿ ಪ್ರತಿ ತಿಂಗಳೂ ನಿಲ್ಲಬೇಕಾಗಿಲ್ಲ.

ನಮ್ಮಲ್ಲಿ ಟಿಕೇಟು ಇಟ್ಟರೆ ಜನ ಬರುವುದಿಲ್ಲ ಎಂಬ ಮಾತಿದೆ. ಅದೇ ಜನ ಮಕ್ಕಳೊಂದಿಗೆ ಮಾಲ್‌ಗೆ ಹೋಗಿ ಸಿನಿಮಾದ ಟಿಕೇಟಿಗೆ, ಅದಕ್ಕಿಂತ ಹೆಚ್ಚಾಗಿ ಪಾಪ್‌ಕಾರ್ನಿಗೆ ಕೊಡುವ ಹಣದ ಲೆಕ್ಕ ಎಲ್ಲರಿಗೂ ಗೊತ್ತು. ತೆರಿಗೆಯ ಭಯವೂ ಬೇಡ. ನಾಟಕ, ನೃತ್ಯ ಮುಂತಾದ ಪ್ರದರ್ಶನಗಳ ಪ್ರವೇಶ ಶುಲ್ಕ ತಲೆಗೆ 500 ರೂಪಾಯಿ ಮೀರದಿದ್ದರೆ ಅದರ ಮೇಲೆ ಜಿಎಸ್‌ಟಿ ಇಲ್ಲ. ನೂರು ರೂಪಾಯಿಯ ಟಿಕೇಟಿನಿಂದ ಖರ್ಚೆಲ್ಲ ಹುಟ್ಟದಿರಬಹುದು. ಆದರೆ ಟಿಕೇಟು ಕೊಂಡವನು ಸಮಯಕ್ಕೆ ಸರಿಯಾಗಿ ಬರುತ್ತಾನೆ, ಸಮಯಕ್ಕೆ ಸರಿಯಾಗಿ ಆಟ ಪ್ರಾರಂಭವಾಗಬೇಕೆಂದು ಕೇಳುತ್ತಾನೆ. ಆ ಕೇಳಿಕೆಯೇ ಅರ್ಧ ಸುಧಾರಣೆ.

ದತ್ತಿನಿಧಿ ಕರಗುವ ಬಗೆ

ಮುಂಬಯಿಯ ಕನ್ನಡ ಸಂಸ್ಥೆಗಳ ಒಂದು ಹೆಮ್ಮೆ ದತ್ತಿ ಉಪನ್ಯಾಸಗಳು. ಮೈಸೂರು ಅಸೋಸಿಯೇಷನ್ನು ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಜೊತೆಗೂಡಿ ನಡೆಸಿಕೊಂಡು ಬಂದ ಉಪನ್ಯಾಸಮಾಲೆಗಳಿಂದಾಗಿ ಕರ್ನಾಟಕದ ಅನೇಕ ವಿದ್ವಾಂಸರ ಮಾತನ್ನು ಕೇಳುವ ಭಾಗ್ಯ ನಮಗೆ ದೊರೆತಿದೆ. ತಂದೆ-ತಾಯಿಯ ಹೆಸರಿನಲ್ಲಿ, ಅಗಲಿದ ಸಾಹಿತಿಯ ಹೆಸರಿನಲ್ಲಿ ಇಡಗಂಟು ಇರಿಸಿ, ಅದರ ಬಡ್ಡಿಯಿಂದ ಬಹುಮಾನ, ವಿದ್ಯಾರ್ಥಿವೇತನ, ಉಪನ್ಯಾಸ ನಡೆಸುವ ಪದ್ಧತಿ ಅನೇಕ ಸಂಸ್ಥೆಗಳಲ್ಲಿದೆ. ಒಂದು ದಿನದ ಸಂಭ್ರಮಕ್ಕಿಂತ ಇದು ಎಷ್ಟೋ ದೂರದೃಷ್ಟಿಯ ಕಾರ್ಯ. ಆದರೆ ಈ ನಿಧಿಗಳು ಸದ್ದಿಲ್ಲದೆ ಕರಗುತ್ತಿವೆ. ಬ್ಯಾಂಕಿನ ಕೌಂಟರಿನ ಆಚೆ ಕುಳಿತು ಇಂಥ ಠೇವಣಿಗಳ ನವೀಕರಣದ ರಸೀದಿಗಳನ್ನು ನೋಡುವವರಿಗೆ ಇದು ಸ್ಪಷ್ಟವಾಗಿ ಕಾಣುತ್ತದೆ.

ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ತೊಂಬತ್ತರ ದಶಕದ ನಡುವಿನಲ್ಲಿ ದೀರ್ಘಾವಧಿಯ ಠೇವಣಿಗೆ ಬ್ಯಾಂಕುಗಳು ಶೇ. 12ರ ಆಸುಪಾಸಿನಲ್ಲಿ ಬಡ್ಡಿ ಕೊಡುತ್ತಿದ್ದವು. ಆಗ 25,000 ರೂಪಾಯಿಯ ದತ್ತಿಯಿಂದ ವರ್ಷಕ್ಕೆ 3,000 ರೂಪಾಯಿ ಬರುತ್ತಿತ್ತು. ಉಪನ್ಯಾಸಕರ ರೈಲು ಪ್ರಯಾಣ, ಸಂಭಾವನೆ, ಸಭಿಕರಿಗೆ ಚಹಾ-ತಿಂಡಿ ಎಲ್ಲವೂ ಅದರಲ್ಲಿ ನಡೆಯುತ್ತಿದ್ದವು. ಇಂದು ಅದೇ 25,000ಕ್ಕೆ ಶೇ. 6.5ರಂತೆ ಸಿಗುವುದು 1,625 ರೂಪಾಯಿ. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದವೆಂದು ಹಿಡಿದರೆ, ಅಂದು 3,000ದಲ್ಲಿ ಆಗುತ್ತಿದ್ದ ಕಾರ್ಯಕ್ಕೆ ಮೂವತ್ತು ವರ್ಷಗಳ ಅನಂತರ 17,000 ರೂಪಾಯಿಗಿಂತ ಹೆಚ್ಚು ಬೇಕು. ಅಷ್ಟು ಬಡ್ಡಿ ಹುಟ್ಟಬೇಕಾದರೆ ಅಸಲು 2.6 ಲಕ್ಷಕ್ಕಿಂತ ಮೇಲಿರಬೇಕು. ದತ್ತಿಯ ಹೆಸರು ಉಳಿದಿದೆ, ಪಟ್ಟಿಯಲ್ಲಿ ದಾನಿಯ ಹೆಸರೂ ಉಳಿದಿದೆ; ಉಪನ್ಯಾಸ ಮಾತ್ರ ಇತರ ಖರ್ಚಿನ ಬಾಬಿನಿಂದ ನಡೆಯುತ್ತಿರುತ್ತದೆ, ಇಲ್ಲವೇ ಮೂರು ದತ್ತಿಗಳು ಸೇರಿ ಒಂದು ಸಂಜೆಯಾಗಿರುತ್ತದೆ.

ಇದನ್ನು ತಡೆಯುವ ದಾರಿ ಇದೆ. ನೋಂದಾಯಿತ ಧರ್ಮಾರ್ಥ ಸಂಸ್ಥೆಗಳು ಆದಾಯದ ಶೇ. 15ನ್ನು ಮುಂದಿನ ಕಾಲಕ್ಕಾಗಿ ಉಳಿಸಿಕೊಳ್ಳಲು ಆದಾಯ ತೆರಿಗೆಯ ಕಾನೂನೇ ಅವಕಾಶ ಕೊಟ್ಟಿದೆ. ಸರಾಸರಿ ಶೇ. 8ರ ಬಡ್ಡಿಯಲ್ಲಿ ಪ್ರತಿವರ್ಷ ಇಷ್ಟನ್ನು ಅಸಲಿಗೆ ಸೇರಿಸುತ್ತ ಬಂದಿದ್ದರೆ 25,000ದ ನಿಧಿ ಮೂವತ್ತು ವರ್ಷಗಳಲ್ಲಿ 35,000 ದಾಟಿರುತ್ತಿತ್ತು. ಇದೂ ಸಾಲದು, ನಿಜ. ಆದ್ದರಿಂದಲೇ ದತ್ತಿ ಇಟ್ಟ ಕುಟುಂಬದ ಎರಡನೆಯ, ಮೂರನೆಯ ತಲೆಮಾರಿಗೆ ಹತ್ತು ವರ್ಷಕ್ಕೊಮ್ಮೆ ಪತ್ರ ಬರೆದು, ಅಜ್ಜನ ಹೆಸರಿನ ನಿಧಿಯ ಈಗಿನ ಸ್ಥಿತಿಯನ್ನು ತಿಳಿಸಿ, ಅದನ್ನು ತುಂಬಿಕೊಡುವಂತೆ ಕೇಳುವ ಪದ್ಧತಿ ಬರಬೇಕು. ಕೇಳಿದರೆ ಕೊಡದವರು ಕಡಿಮೆ. ಶತಮಾನೋತ್ಸವದ ವರ್ಷದಲ್ಲಿ ಬರುವ ದೊಡ್ಡ ಕೊಡುಗೆಗಳಲ್ಲಿ ಒಂದು ಭಾಗವನ್ನು, ದಾನಿಯಿಂದ ಲಿಖಿತ ಸೂಚನೆ ಪಡೆದು, ಮೂಲನಿಧಿಯೆಂದೇ ತೆಗೆದಿರಿಸಿದರೆ ಮುಂದಿನ ಕಾರ್ಯಕಾರಿ ಸಮಿತಿಗಳು ಅದನ್ನು ಸುಲಭವಾಗಿ ಖರ್ಚಿಗೆ ಎಳೆಯಲಾರವು.

ಕುರ್ಚಿಗಿಂತ ಕೆಲಸ ಮುಖ್ಯ

ಹಣದ ಮಾತು ಇಷ್ಟಾಯಿತು. ಆದರೆ ಹಣ ಉಳಿದು ಜನ ಉಳಿಯದಿದ್ದರೆ ಏನು ಪ್ರಯೋಜನ? ತರುಣರು ಬರುವುದಿಲ್ಲ ಎಂಬ ದೂರು ಇಲ್ಲದ ಸಭೆಯೇ ಇಲ್ಲ. ಈ ದೂರನ್ನು ಪರೀಕ್ಷಿಸಲು ಒಂದು ಉತ್ಸವವನ್ನು ನೋಡಬಹುದು.

ಕಿಂಗ್ಸ್ ಸರ್ಕಲ್‌ನ ಜಿ.ಎಸ್.ಬಿ. ಸೇವಾ ಮಂಡಲದ ಗಣೇಶೋತ್ಸವ 2025ರಲ್ಲಿ 474.46 ಕೋಟಿ ರೂಪಾಯಿಗಳ ವಿಮೆಯಿಂದಾಗಿ ದೇಶದಾದ್ಯಂತ ಸುದ್ದಿಯಾಯಿತು. ಪತ್ರಿಕೆಗಳು ಚಿನ್ನ-ಬೆಳ್ಳಿಯ ಆಭರಣಗಳ ಚಿತ್ರ ಹಾಕಿದವು. ಆದರೆ ಆ ವಿಮೆಯ ಬಹುದೊಡ್ಡ ಪಾಲು ಆಭರಣಗಳಿಗಲ್ಲ. ಸ್ವಯಂಸೇವಕರು, ಅರ್ಚಕರು, ಅಡುಗೆಯವರು, ಪಾದರಕ್ಷೆ ಕಾಯುವವರು, ಕಾವಲಿನವರು ಇವರ ಅಪಘಾತ ವಿಮೆಗೆ. ಈ ಅಂಕಿಯಲ್ಲಿ ಒಂದು ಪಾಠವಿದೆ. ಕರಾವಳಿಯಿಂದ ಬಂದ ಕೊಂಕಣಿ ಸಮಾಜದ ಈ ಉತ್ಸವದಲ್ಲಿ ಐದು ದಿನವೂ ಕೈಗೆ ಕೆಲಸವಿದೆ. ಕಾಲೇಜಿಗೆ ಹೋಗುವ ಹುಡುಗ ಬಡಿಸುತ್ತಾನೆ, ಕಂಪೆನಿಯಲ್ಲಿ ದೊಡ್ಡ ಹುದ್ದೆಯಲ್ಲಿರುವವನು ಸಾಲು ನಿಲ್ಲಿಸುತ್ತಾನೆ. ಅವರು ಬರುವುದು ಭಕ್ತಿಯಿಂದ, ನಿಜ. ಜೊತೆಗೆ ತಾವಿಲ್ಲದಿದ್ದರೆ ಒಂದು ಕೆಲಸ ನಿಂತುಹೋಗುತ್ತದೆಂಬ ತಿಳಿವಳಿಕೆಯಿಂದಲೂ ಬರುತ್ತಾರೆ. ನಮ್ಮ ಸಭಾ ಕಾರ್ಯಕ್ರಮಗಳಲ್ಲಿ ತರುಣರಿಗೆ ನಾವು ಕೊಡುವುದೇನು? ಕೊನೆಯ ಸಾಲಿನಲ್ಲಿ ಒಂದು ಕುರ್ಚಿ. ಹೆಚ್ಚೆಂದರೆ ಹೂಗುಚ್ಛದ ತಟ್ಟೆ ಹಿಡಿಯುವ ಕೆಲಸ.

ಕಲೆಯ ಕ್ಷೇತ್ರದಲ್ಲಿಯೇ ಇದಕ್ಕೆ ವಿರುದ್ಧವಾದ ಒಳ್ಳೆಯ ಉದಾಹರಣೆಯೊಂದು ನಮ್ಮ ಮುಂದಿದೆ, ಅದು ಮಕ್ಕಳ ಯಕ್ಷಗಾನ. ಮುಂಬಯಿ ಹಾಗೂ ಉಪನಗರಗಳ ಮಂಡಳಿಗಳಲ್ಲಿ ಮಕ್ಕಳು ತಾಳ ಹಿಡಿಯುವುದರಿಂದ ಹಿಡಿದು ಗೆಜ್ಜೆ ಕಟ್ಟುವವರೆಗೆ ತಿಂಗಳುಗಟ್ಟಲೆ ಕಲಿಯುತ್ತಾರೆ. ಇವರಲ್ಲಿ ಅನೇಕರು ಕನ್ನಡ ಓದಲಾರರು. ಅರ್ಥವನ್ನು ದೇವನಾಗರಿಯಲ್ಲಿಯೋ ರೋಮನ್ ಲಿಪಿಯಲ್ಲಿಯೋ ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ಆದರೂ ರಂಗಕ್ಕೆ ಬಂದಾಗ ಒಂದು ಇಂಗ್ಲಿಷ್ ಪದ ಬೆರೆಯದ ಕನ್ನಡವನ್ನು ಮಾತನಾಡುತ್ತಾರೆ. ಏಕೆಂದರೆ ಯಕ್ಷಗಾನದ ಮಾತುಗಾರಿಕೆಯ ಶಿಸ್ತೇ ಹಾಗೆ. ಶಾಲೆ ಕೊಡಲಾರದ ಭಾಷೆಯನ್ನು ವೇಷ ಕೊಡುತ್ತದೆ. ಆ ಮಗುವಿನೊಂದಿಗೆ ತಾಯಿ, ತಂದೆ, ಅಜ್ಜಿ, ಪಕ್ಕದ ಮನೆಯ ಗುಜರಾತಿ ಗೆಳೆಯ ಎಲ್ಲರೂ ಸಭಾಂಗಣಕ್ಕೆ ಬರುತ್ತಾರೆ. ಅಂದು ಕುರ್ಚಿ ಖಾಲಿ ಇರುವುದಿಲ್ಲ.

ಪ್ರೇಕ್ಷಕರನ್ನು ಕರೆತರುವ ದಾರಿ ಕಲಿಸುವ ಕೋಣೆಯಿಂದ ಪ್ರಾರಂಭವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಖರ್ಚಿನ ಪಟ್ಟಿಯಲ್ಲಿ ಗುರುವಿನ ಸಂಭಾವನೆ ಎಲ್ಲಿದೆ, ವೇದಿಕೆಯ ಅಲಂಕಾರ ಎಲ್ಲಿದೆ ಎಂಬುದನ್ನು ಪ್ರತಿಯೊಂದು ಸಂಸ್ಥೆಯ ಸದಸ್ಯರೂ ತಮ್ಮ ವಾರ್ಷಿಕ ಮಹಾಸಭೆಯಲ್ಲಿ ಒಮ್ಮೆ ನೋಡುವುದು ಒಳ್ಳೆಯದು.

ಭಾಷೆಗೆ ಇರುವ ಒಂದೇ ಶಾಲೆ

ಈ ಕಲಿಕೆಯ ಮಹತ್ತ್ವ ಇಂದು ಇನ್ನಷ್ಟು ಹೆಚ್ಚಿದೆ. ಮುಂಬಯಿ ಮಹಾನಗರಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆಗಳನ್ನು ನಡೆಸಿಕೊಂಡು ಬಂದಿದೆ, ಕನ್ನಡ ಅವುಗಳಲ್ಲೊಂದು. ಆದರೆ ನೆಲೆನಿಂತ ಕುಟುಂಬಗಳು ತಮ್ಮ ಮಕ್ಕಳನ್ನು ಆ ಶಾಲೆಗಳಿಗೆ ಕಳುಹಿಸುವುದನ್ನು ಎಂದೋ ಬಿಟ್ಟಿವೆ. 2020ರ ಕಾಯಿದೆಯಂತೆ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿಯೂ ಮರಾಠಿ ಕಡ್ಡಾಯ. ಈ ನೆಲದ ಅನ್ನ ಉಣ್ಣುವ ನಾವು ಅದನ್ನು ಒಪ್ಪಿ ನಡೆಯುವುದೇ ಸರಿ. 2025ರ ಏಪ್ರಿಲ್‌ನಲ್ಲಿ ಒಂದನೆಯ ತರಗತಿಯಿಂದಲೇ ಹಿಂದಿಯನ್ನು ಮೂರನೆಯ ಭಾಷೆಯಾಗಿ ತರುವ ಆದೇಶ ಹೊರಟು, ತೀವ್ರ ವಿರೋಧದಿಂದಾಗಿ ಜೂನ್ ಕೊನೆಯಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಈ ವಾದ-ವಿವಾದಗಳ ಫಲ ಏನೇ ಆಗಲಿ, ನಮ್ಮ ಮೊಮ್ಮಕ್ಕಳ ಶಾಲೆಯ ಚೀಲದಲ್ಲಿ ಕನ್ನಡ ಪುಸ್ತಕಕ್ಕೆ ಜಾಗ ದೊರೆಯುವುದಿಲ್ಲ ಎಂಬುದು ನಿಶ್ಚಿತ. ಹಾಗಿದ್ದಲ್ಲಿ ಅವರಿಗೆ ಕನ್ನಡ ಸಿಗುವುದು ಎರಡೇ ಕಡೆ: ಮನೆಯಲ್ಲಿ, ಮತ್ತು ಸಂಘದಲ್ಲಿ. ಕರಾವಳಿಯ ಅನೇಕ ಮನೆಗಳಲ್ಲಿ ಆಡುವ ಮಾತು ತುಳು ಅಥವಾ ಕೊಂಕಣಿ. ಅಂಥ ಮಗುವಿಗೆ ಕನ್ನಡದ ಏಕೈಕ ಶಾಲೆ ಸಂಘದ ವೇದಿಕೆಯೇ.

2011ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 10 ಲಕ್ಷ. ಇದರಲ್ಲಿ ಸೊಲ್ಲಾಪುರ, ಸಾಂಗ್ಲಿ ಮೊದಲಾದ ಗಡಿ ಜಿಲ್ಲೆಗಳ ಪಾಲು ದೊಡ್ಡದು. 2027ರ ಜನಗಣತಿಗೆ ಸರಕಾರ ಅಧಿಸೂಚನೆ ಹೊರಡಿಸಿದೆ. ಗಣತಿಯವರ ಪ್ರಶ್ನೆಗೆ ಮನೆಯ ಯಜಮಾನ ಏನು ಬರೆಸುತ್ತಾನೆ ಎಂಬುದಕ್ಕಿಂತ, ಆ ಪ್ರಶ್ನೆಯನ್ನು ಮನೆಯ ಮಗು ಹೇಗೆ ಉತ್ತರಿಸುತ್ತದೆ ಎಂಬುದೇ ನಮ್ಮ ಎಲ್ಲ ಉತ್ಸವಗಳ ನಿಜವಾದ ಲೆಕ್ಕಪರಿಶೋಧನೆ.

ಕನ್ನಡ ಓದಲಾರದ ತರುಣರನ್ನು ದೂರವಿಡುವುದೂ ಸರಿಯಲ್ಲ. ಮುಂಬಯಿಯ ಬದುಕನ್ನು ಕುರಿತ ಜಯಂತ ಕಾಯ್ಕಿಣಿಯವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ, ತೇಜಸ್ವಿನಿ ನಿರಂಜನ ಅವರ ಅನುವಾದಕ್ಕೆ, 2018ನೆಯ ಸಾಲಿನ ಡಿ.ಎಸ್.ಸಿ. ಪ್ರಶಸ್ತಿ ಬಂದಿತು. ನಮ್ಮ ಮಕ್ಕಳು ತಮ್ಮದೇ ನಗರದ ಈ ಕತೆಗಳನ್ನು ಮೊದಲು ಇಂಗ್ಲಿಷಿನಲ್ಲಿ ಓದಲಿ, ಸಂಘದ ಕೋಣೆಯಲ್ಲಿ ಕುಳಿತು ಚರ್ಚಿಸಲಿ, ಅನಂತರ ಅಜ್ಜನ ಬಾಯಿಯಿಂದ ಅದನ್ನೇ ಕನ್ನಡದಲ್ಲಿ ಕೇಳಲಿ. ಕನ್ನಡದ ಮನೆಗೆ ಹಿಂಬಾಗಿಲಿನಿಂದ ಬಂದರೂ ಬಂದವರು ನಮ್ಮವರೇ.

ಮಾಡಬಹುದಾದದ್ದು

ಮೇಲಿನ ವಿಷಯಗಳನ್ನೆಲ್ಲ ಕೂಡಿಸಿ ನೋಡಿದಾಗ ಶತಮಾನೋತ್ಸವ ಆಚರಿಸುವ ಸಂಸ್ಥೆಗಳ ಮುಂದೆ ನಾಲ್ಕು ಸಲಹೆಗಳನ್ನು ಇಡಬಹುದೆನಿಸುತ್ತದೆ.

ಮೊದಲನೆಯದಾಗಿ, ಸಂಗ್ರಹವಾಗುವ ಹಣದಲ್ಲಿ ಅರ್ಧದಷ್ಟಾದರೂ ಮೂಲನಿಧಿಗೆ ಹೋಗಲಿ ಎಂದು ಸಮಾರಂಭಕ್ಕೆ ಮೊದಲೇ ಮಹಾಸಭೆಯಲ್ಲಿ ಠರಾವು ಆಗಬೇಕು. ಸಮಾರಂಭ ಮುಗಿದ ಮೇಲೆ ಉಳಿದದ್ದನ್ನು ಠೇವಣಿ ಇಡುತ್ತೇವೆಂದರೆ ಉಳಿಯುವುದು ಏನೂ ಇಲ್ಲ. ಎರಡನೆಯದಾಗಿ, ವರ್ಷಕ್ಕೆ ಕನಿಷ್ಠ ನಾಲ್ಕು ಕಾರ್ಯಕ್ರಮಗಳು ಸಭೆಯಿಲ್ಲದ, ಸನ್ಮಾನವಿಲ್ಲದ, ಟಿಕೇಟು ಇಟ್ಟ ಶುದ್ಧ ಕಲಾ ಪ್ರದರ್ಶನಗಳಾಗಲಿ. ದಾನಿಗಳ ಹೆಸರನ್ನು ಗೌರವದಿಂದ ಪತ್ರಿಕೆಯಲ್ಲಿ ಅಚ್ಚುಹಾಕಿಸೋಣ; ಕಲಾವಿದನ ವೇಳೆಯನ್ನು ಕಲಾವಿದನಿಗೇ ಬಿಡೋಣ. ಮೂರನೆಯದಾಗಿ, ನಗರದ ಹಳೆಯ ಸಂಸ್ಥೆಯೊಂದು ದೂರದ ಉಪನಗರದ ಒಂದು ಸಂಘವನ್ನು ಜೊತೆಗೂಡಿಸಿಕೊಳ್ಳಲಿ. ಮಾಟುಂಗಾದಲ್ಲಿ ಮಾತನಾಡಲು ಬರುವ ವಿದ್ವಾಂಸರು ಮರುದಿನ ಡೊಂಬಿವಲಿಯಲ್ಲಿಯೋ ವಸಾಯಿಯಲ್ಲಿಯೋ ಮಾತನಾಡಿದರೆ ಹೆಚ್ಚಿನ ಖರ್ಚು ಅತ್ಯಲ್ಪ. ಕೊನೆಯದಾಗಿ, ಯಕ್ಷಗಾನ, ಭಜನೆ, ನಾಟಕ, ಕನ್ನಡ ಲಿಪಿ ಯಾವುದೇ ಇರಲಿ, ವಾರಕ್ಕೊಮ್ಮೆ ಕಲಿಸುವ ಒಬ್ಬ ಗುರುವಿಗೆ ಗೌರವಯುತವಾದ ಸಂಭಾವನೆಯನ್ನು ವರ್ಷವಿಡೀ ಕೊಡುವ ವ್ಯವಸ್ಥೆಯಾಗಲಿ. ಒಂದು ವರ್ಷದ ಗುರುದಕ್ಷಿಣೆ ಒಂದು ಸಂಜೆಯ ಮಂಟಪದ ಖರ್ಚಿಗಿಂತ ಹೆಚ್ಚಾಗಲಾರದು.

ಇವುಗಳಲ್ಲಿ ಹೊಸದೇನೂ ಇಲ್ಲ. ಹಗಲೆಲ್ಲ ದುಡಿದು, ರಾತ್ರಿ ಶಾಲೆಗೆ ಹಣ ಕೂಡಿಸಿದ ಹಿರಿಯರು ಮಾಡಿದ್ದೂ ಇದನ್ನೇ. ಅವರು ಮೊದಲು ಕಲಿಸುವ ಕೋಣೆಯನ್ನು ತೆರೆದರು. ಸಭಾಗೃಹ ಆಮೇಲೆ ಬಂತು. ನೂರು ವರ್ಷ ತುಂಬುವ ಹೊತ್ತಿನಲ್ಲಿ ಆ ಕ್ರಮವನ್ನು ನಾವು ಮತ್ತೆ ಹಿಡಿದರೆ, ಇಂದು ಗೆಜ್ಜೆ ಕಟ್ಟುತ್ತಿರುವ ಮಕ್ಕಳು ನೂರಿಪ್ಪತ್ತೈದನೆಯ ವರ್ಷದ ಸಮಾರಂಭವನ್ನು ನಡೆಸುವವರಾಗಿರುತ್ತಾರೆ. ಮುಂದಿನ ಮಹಾಸಭೆಯ ನೋಟೀಸು ಮನೆಗೆ ಬಂದಾಗ ಅದನ್ನು ಮಡಚಿಡದೆ, ಆಯವ್ಯಯ ಪತ್ರಿಕೆಯ ಪುಟವನ್ನು ತೆರೆದು ನೋಡುವುದರಿಂದ ಸದಸ್ಯರಾದ ನಾವು ಈ ಕೆಲಸವನ್ನು ಪ್ರಾರಂಭಿಸಬಹುದು.